ಕೊಪ್ಪೆ ಟವಲ್ಲು

ಗಂಡಸು ತಾತನಾದ ಕೂಡಲೇ ಅವನಿಗೆ ಮಕ್ಕಳನ್ನು ಸಾಕುವ ವಿದ್ಯೆ ತಂತಾನೇ ಬಂದುಬಿಡುತ್ತದೆ. ತಂದೆಯಾಗಿದ್ದಾಗ ಬಂದಿರುವುದಿಲ್ಲ. ಆಗ ಅವನಿಗೆ ಕಚೇರಿ ಇರುತ್ತದೆ, ಕ್ಯಾಂಪ್ ಇರುತ್ತದೆ, ಮಗು ಅತ್ತರೆ "ಯಾಕೆ ಅಳ್ತಿದೆ ನೋಡೇ" ಎಂದು ಒಳಕ್ಕೆ ಕೂಗಿ ಹೇಳುವಷ್ಟು ವಾತ್ಸಲ್ಯ ಮಾತ್ರ ಇರುತ್ತದೆ. ತಲೆ ನರೆತು, ನಿವೃತ್ತಿಗೆ ಒಂದೂವರೆ ವರ್ಷ ಉಳಿದು, ಮಗಳು ಬಾಣಂತನಕ್ಕೆ ಬಂದಾಗ ಅದೇ ಗಂಡಸು ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಮಗುವಿನ ಬಿಕ್ಕಳಿಕೆ, ಆಕಳಿಕೆ, ಹೂಸು, ಎಲ್ಲದರ ಬಗ್ಗೆಯೂ ಅಭಿಪ್ರಾಯ ಕೊಡತೊಡಗುತ್ತಾನೆ. ಈ ಕಾಯಿಲೆ ನನಗೂ ಬಂದಿತ್ತೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರಿಗೆ ಅದು ಗ್ರೈಪ್‌ವಾಟರಿಗೋ ತೊಟ್ಟಿಲಿಗೋ ತಿರುಗುತ್ತದೆ. ನನ್ನದು ಟವಲ್ಲಿಗೆ ತಿರುಗಿಕೊಂಡಿತು.

ನಾನು ಸರ್ವೆ ಇಲಾಖೆಯವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳ ಹೊಲ, ಗೋಮಾಳ, ಕೆರೆಯಂಗಳಗಳ ಮೇಲೆಲ್ಲ ಮೂವತ್ತು ವರ್ಷ ಸರಪಳಿ ಎಳೆಸಿದ್ದೇನೆ. ಎಳೆದಿದ್ದೇನೆ ಎನ್ನಲಿಲ್ಲ, ಗಮನಿಸಿ. ಒಂದು ಬದುವಿಗಾಗಿ ಮಚ್ಚು ಹಿಡಿದು ನಿಂತ ಅಣ್ಣತಮ್ಮಂದಿರು ನಾನು ಬೆರಳು ತೋರಿಸಿದ ಕಡೆ ಬಾಂದು ಕಲ್ಲು ನೆಟ್ಟುಕೊಂಡು ಸುಮ್ಮನಾಗಿದ್ದಾರೆ. ಹೀಗೆ ಊರವರ ಗಡಿಯನ್ನೆಲ್ಲ ಗೊತ್ತುಮಾಡಿದವನಿಗೆ ಸ್ವಂತ ಮನೆಯೊಳಗೆ ಇದ್ದ ಜಾಗವೆಂದರೆ ಟಿವಿ ಎದುರಿನ ಒಂದು ಕುರ್ಚಿ, ಸೊಳ್ಳೆಪರದೆ ಕಟ್ಟಿದ ಒಂದು ಮಂಚ. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಕಲ್ಲು, ಇವೆಲ್ಲ ನನ್ನ ಹೆಂಡತಿ ಗಿರಿಜೆಯ ಸರಹದ್ದು. ಅಲ್ಲಿಗೆ ನಾನು ಎಂದೂ ಒತ್ತುವರಿ ಮಾಡಿದವನಲ್ಲ. ಹಾಗೆ ಮಾಡದಿದ್ದದ್ದನ್ನೇ ನನ್ನ ದೊಡ್ಡತನ ಎಂದುಕೊಂಡಿದ್ದೆ.

ಮಗಳು ಶ್ವೇತಾಳನ್ನು ಪಾವಗಡಕ್ಕೆ ಕೊಟ್ಟಿದ್ದೇವೆ. ಅಳಿಯ ಅಲ್ಲೇ ಮೇಷ್ಟ್ರು. ಚೊಚ್ಚಲ ಹೆರಿಗೆಗೆ ಅವಳು ಮಧುಗಿರಿಗೆ ಬಂದಳು, ಹೆಣ್ಣುಮಗು ಹುಟ್ಟಿತು, ಐದನೇ ತಿಂಗಳವರೆಗೆ ತಾಯಿ ಮಗು ಇಬ್ಬರೂ ನಮ್ಮಲ್ಲೇ ಇರುವುದೆಂದು ಮಾತಾಗಿತ್ತು. ಆದರೆ ನಾಮಕರಣಕ್ಕೆ ಬಂದ ನಮ್ಮ ಬೀಗಿತ್ತಿ ಲಕ್ಷ್ಮೀದೇವಮ್ಮನವರು ನಮ್ಮ ಬಚ್ಚಲುಮನೆಯನ್ನು ಇಣುಕಿ ನೋಡಿದರು. ಅದರ ಕಿಟಕಿಯ ಒಂದು ಗಾಜು ಒಡೆದುಹೋಗಿದ್ದನ್ನು ಮನಸ್ಸಿನಲ್ಲಿ ಬರೆದುಕೊಂಡರು. ಆಮೇಲೆ ಪಾವಗಡದವರ ಕನ್ನಡದಲ್ಲಿ, ಅಂದರೆ ಅರ್ಧಕ್ಕರ್ಧ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು: "ನೋಡಮ್ಮಾ ಗಿರಿಜಾ, ಬಿಡ್ಡಕ್ಕೆ ಒಂದ್ಸಲ ಜಲುಬು ಆಯ್ತು ಅಂದ್ರೆ ನಾನು ಕೇಳಂಗಿಲ್ಲ. ಕಾರ್ ತಂದು ಇಬ್ರನ್ನೂ ಕರ್ಕೊಂಡ್ ಪೋತಾನು. ಅಂತೇ." ಜಲುಬು ಎಂದರೆ ನೆಗಡಿ. ಅಂತೇ ಎಂದರೆ ಅಷ್ಟೇ, ಇದರ ಮೇಲೆ ಅಪೀಲಿಲ್ಲ. ಎರಡು ತಿಂಗಳ ಆ ಮಗು ನನ್ನ ಕಿರುಬೆರಳು ಹಿಡಿದುಕೊಂಡರೆ ನಾನು ಅರ್ಧ ಗಂಟೆ ಕೂತಲ್ಲಿಂದ ಕದಲುತ್ತಿರಲಿಲ್ಲ. ಒಂದು ಸೀನಿಗೆ ಅವಳನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ ಎನ್ನುವುದನ್ನು ನೆನೆದರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಷರತ್ತಿನ ಜೊತೆಗೆ ಬೀಗಿತ್ತಿ ಒಂದು ಉಡುಗೊರೆಯನ್ನೂ ಕೊಟ್ಟು ಹೋದರು. ಆಂಧ್ರದ ಕಡೆಯ ಯಾವುದೋ ದೊಡ್ಡ ಅಂಗಡಿಯಿಂದ ತಂದ ಟವಲ್ಲು. ನಾವು ಕಂಡ ಟವಲ್ಲುಗಳಂತೆ ಉದ್ದಕ್ಕೆ ಬಿದ್ದಿರುವಂಥದ್ದಲ್ಲ. ಚೌಕಾಕಾರ, ಒಂದು ಮೂಲೆಗೆ ಟೊಪ್ಪಿಗೆ ಹೊಲಿದಿದ್ದಾರೆ, ಟೊಪ್ಪಿಗೆಗೆ ಕರಡಿಯ ಎರಡು ಕಿವಿ, ಗಾಜಿನ ಎರಡು ಕಣ್ಣು. ಸ್ನಾನವಾದ ಮೇಲೆ ಮಗುವಿನ ತಲೆಯನ್ನು ಟೊಪ್ಪಿಗೆಗೆ ತೂರಿಸಿ ಉಳಿದದ್ದನ್ನು ಮೈಗೆ ಸುತ್ತಬೇಕಂತೆ, ನೆತ್ತಿಗೆ ಗಾಳಿಯೇ ತಾಗುವುದಿಲ್ಲವಂತೆ. ಪ್ರತಿ ದಿನ ಬೆಳಗ್ಗೆ ಹತ್ತಕ್ಕೆ, ಸರಿಯಾಗಿ ಸ್ನಾನ ಮುಗಿಯುವ ಹೊತ್ತಿಗೆ ಪಾವಗಡದಿಂದ ವಿಡಿಯೋ ಕಾಲ್ ಬರುತ್ತಿತ್ತು. ಮಗುವಿನ ಮುಖಕ್ಕಿಂತ ಮೊದಲು ಅವರಿಗೆ ಕರಡಿಯ ಕಿವಿ ಕಾಣಬೇಕಾಗಿತ್ತು.

ಮಗುವಿಗೆ ನೀರು ಹಾಕಲು ಬರುತ್ತಿದ್ದವಳು ಪುಟ್ಟಕ್ಕ. ಎಪ್ಪತ್ತು ದಾಟಿದ ಹೆಂಗಸು. ನಮ್ಮ ಬೀದಿಯಲ್ಲಿ ಈಗ ಮೀಸೆ ತಿರುವಿಕೊಂಡು ಬುಲೆಟ್ ಓಡಿಸುವ ಎಷ್ಟೋ ಜನ ಒಂದು ಕಾಲದಲ್ಲಿ ಅವಳ ಕಾಲ ಮೇಲೆ ಬೋರಲು ಮಲಗಿ ಅತ್ತವರೇ. ಮಣೆಯ ಮೇಲೆ ಕೂತು, ಕಾಲು ನೀಡಿ, ಮಗುವನ್ನು ಅಡ್ಡ ಮಲಗಿಸಿಕೊಂಡು ಎಣ್ಣೆ ತೀಡಿ ಹಂಡೆಯ ನೀರು ಹುಯ್ಯುತ್ತಿದ್ದರೆ ಅವಳನ್ನು ಮಾತಾಡಿಸಲು ನಮಗೆಲ್ಲ ಹೆದರಿಕೆ. ಮೊದಲ ದಿನ ಕರಡಿ ಟವಲ್ಲನ್ನು ಅವಳ ಕೈಗೆ ಕೊಟ್ಟಾಗ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದೇನವ್ವಾ ಇದು, ಕೊಪ್ಪೆ ಇದ್ದಂಗೈತೆ. ಕೂಸು ಮಳೇಲಿ ಕುರಿ ಕಾಯಕ್ಕೇನಾರ ಹೊಂಟೈತಾ?" ಎಂದು ಶ್ವೇತಾಳನ್ನು ಕೇಳಿದಳು.

ಕುರಿ ಕಾಯುವವರು ಮಳೆಗಾಲದಲ್ಲಿ ಕಂಬಳಿಯ ಮೂಲೆ ಮಡಿಚಿ ತಲೆಗೆ ಸಿಕ್ಕಿಸಿಕೊಂಡು ಮೈತುಂಬ ಇಳಿಬಿಟ್ಟುಕೊಳ್ಳುತ್ತಾರಲ್ಲ, ಅದಕ್ಕೆ ನಮ್ಮ ಕಡೆ ಕೊಪ್ಪೆ ಎನ್ನುತ್ತಾರೆ. ಅಂದಿನಿಂದ ಅದು ಕೊಪ್ಪೆ ಟವಲ್ಲಾಯಿತು. ಹೆಸರಿಗೇನೋ ಕೊಪ್ಪೆ, ಆದರೆ ಕಂಬಳಿಗಿದ್ದ ಮರ್ಯಾದೆ ಅದಕ್ಕಿರಲಿಲ್ಲ. ಮುಟ್ಟಿದರೆ ಬೆಕ್ಕಿನ ಮೈ ಸವರಿದ ಹಾಗೆ ನುಣ್ಣಗಿತ್ತು, ಒರೆಸಿದರೆ ನೀರನ್ನು ಮಗುವಿನ ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ತೊಡೆಗೆ ಸಾಗಿಸುತ್ತಿತ್ತು ಅಷ್ಟೆ, ತಾನು ಒಂದು ಹನಿಯನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಮೇಲಾಗಿ ನಾರು ಉದುರಿ ಮಗುವಿನ ಒದ್ದೆ ಮೈಗೆಲ್ಲ ಅಂಟಿಕೊಂಡು ಅದಕ್ಕೂ ಕರಡಿಯ ತುಪ್ಪಳ ಬಂದ ಹಾಗೆ ಕಾಣುತ್ತಿತ್ತು. ಪುಟ್ಟಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ತನ್ನ ಹಳೇ ಸೀರೆಯ ಸೆರಗಿನಲ್ಲಿ ಮಗುವನ್ನು ಒರೆಸಿ ಒಣಗಿಸಿ, ಆಮೇಲೆ ಫೋನು ಬಡಿದುಕೊಂಡಾಗ ಕರಡಿಯನ್ನು ಹೊದಿಸಿ ತೋರಿಸುತ್ತಿದ್ದಳು. ಇಷ್ಟಕ್ಕೆ ಬಿಟ್ಟಿದ್ದರೆ ಎಲ್ಲವೂ ನೆಟ್ಟಗೆ ಇರುತ್ತಿತ್ತು. ಬಿಡಲಿಕ್ಕೆ ಮನೆಯಲ್ಲಿ ನಾನಿದ್ದೆನಲ್ಲ.

ಇಪ್ಪತ್ತೊಂದನೇ ಶತಮಾನದಲ್ಲಿ ಒಂದು ಮಗುವನ್ನು ಯಾರದೋ ಸೆರಗಿನಲ್ಲಿ ಒರೆಸುವುದೇ ಎಂದು ನನಗೆ ಸಿಟ್ಟು ಬಂತು. ಹೀಗೆ ಮಾಡಿದರೆ ನೆಗಡಿ ಬಾರದೆ ಇರುತ್ತದೆಯೇ, ಮಗುವನ್ನು ಪಾವಗಡದವರು ಎತ್ತಿಕೊಂಡು ಹೋಗದೆ ಬಿಡುತ್ತಾರೆಯೇ ಎಂದು ಫೋನು ಹಿಡಿದು ಕೂತೆ. ಟೊಪ್ಪಿಗೆ ಟವಲ್ಲುಗಳ ಒಂದು ಲೋಕವೇ ಅದರೊಳಗಿತ್ತು. ಮೊಲದ ಕಿವಿಯವು, ಬಾತುಕೋಳಿಯ ಕೊಕ್ಕಿನವು, ಮೊಸಳೆಯ ಹಲ್ಲಿನವು ಸಹ ಇದ್ದವು. ಸ್ನಾನ ಮಾಡಿದ ಮಗು ಮನುಷ್ಯರ ಮಗುವಿನ ಹಾಗೆ ಕಾಣಬಾರದು ಎನ್ನುವುದೊಂದೇ ಅವರೆಲ್ಲರ ಹಟ. ಕೊಂಡವರ ಅಭಿಪ್ರಾಯಗಳನ್ನೂ ಓದಿದೆ. "ಟವಲ್ ತುಂಬ ಚೆನ್ನಾಗಿದೆ, ಇನ್ನೂ ಉಪಯೋಗಿಸಿಲ್ಲ" ಎಂದು ಒಬ್ಬರು ಐದು ನಕ್ಷತ್ರ ಕೊಟ್ಟಿದ್ದರು. "ನಮ್ಮ ಇಪ್ಪತ್ತು ದಿನದ ಮಗು ಇದನ್ನು ಬಹಳ ಇಷ್ಟಪಟ್ಟಿತು" ಎಂದು ಇನ್ನೊಬ್ಬರು. ಆ ಮಗು ಅದನ್ನು ಯಾವ ಭಾಷೆಯಲ್ಲಿ ಹೇಳಿತೋ ಬರೆದಿರಲಿಲ್ಲ. ಇಷ್ಟೆಲ್ಲ ನಗಾಡಿದ ನಾನು ಕೊನೆಗೆ ಅವರ ನಕ್ಷತ್ರಗಳನ್ನೇ ನಂಬಿ ಒಂದನ್ನು ಆರಿಸಿದೆ. ಅಳತೆ ಯಾವುದು ಎಂದು ಫೋನು ಕೇಳಿತು. ಅಳತೆ ಎನ್ನುವ ಶಬ್ದ ಕೇಳಿದರೆ ನನ್ನ ಕೈ ಸುಮ್ಮನಿರುತ್ತದೆಯೇ.

ಮಧ್ಯಾಹ್ನ, ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ನಾನು ಬ್ಯಾಗಿನಿಂದ ಟೇಪು ತೆಗೆದು, ನೆತ್ತಿಯ ಹತ್ತಿರ ಸೊನ್ನೆ ಇಟ್ಟು, ಉಸಿರು ಬಿಗಿಹಿಡಿದು ಹಿಮ್ಮಡಿಯವರೆಗೆ ಎಳೆದೆ. ಇನ್ನೇನು ಅಂಕಿ ಓದಬೇಕು, ಮರೆತುಹೋದ ಎಣ್ಣೆ ಬಟ್ಟಲಿಗೆಂದು ಪುಟ್ಟಕ್ಕ ವಾಪಸ್ಸು ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು.

"ಏನಪ್ಪಾ ಮಾಡ್ತಿದ್ದೀಯ ನೀನು?"

"ಅಳತೆ ತಗೋತಿದ್ದೀನಿ ಪುಟ್ಟಕ್ಕ, ಟವಲ್ಲಿಗೆ."

"ಮಲಗಿರೋ ಕೂಸನ್ನ ಅಡಿಯಿಂದ ಮುಡೀಗಂಟ ಅಳೀತಾರಾ ಯಾರಾರ? ಮಲಗ್ದೋರನ್ನ ಯಾವಾಗ ಅಳೀತಾರೆ ಅಂತ ಗೊತ್ತಿಲ್ವಾ ನಿಂಗೆ? ಗುಂಡಿ ತೋಡಕ್ಕೆ ಕಣಪ್ಪಾ ಅಳೆಯೋದು. ಅಷ್ಟು ಊರು ತಿರುಗಿ ಅಷ್ಟೂ ತಿಳಕಂಡಿಲ್ಲ, ಸರ್ಕಾರದೋರು ಯಾಕಾರ ಇಟ್ಕಂಡವ್ರೋ ನಿನ್ನ."

ಶ್ವೇತಾ ಎದ್ದು ಬಂದು ಟೇಪು ಕಿತ್ತುಕೊಂಡಳು. ಗಿರಿಜೆ ಉಪ್ಪು, ಒಣಮೆಣಸಿನಕಾಯಿ ತಂದು ಮಗುವಿಗೆ ನಿವಾಳಿಸಿ ಒಲೆಗೆ ಹಾಕಿದಳು. ನಾನು ಕೆಮ್ಮುತ್ತ ಹೊರಗೆ ಹೋಗಿ ಅಂದಾಜಿನ ಮೇಲೆ ಅಳತೆ ತುಂಬಿದೆ. ಮಗು ಬೆಳೆಯುತ್ತದೆ ಎಂದು ಒಂದಿಷ್ಟು, ಒಗೆದರೆ ಕುಗ್ಗುತ್ತದೆ ಎಂದು ಇನ್ನೊಂದಿಷ್ಟು, ಎಲ್ಲದಕ್ಕೂ ಇರಲಿ ಎಂದು ಮತ್ತೊಂದಿಷ್ಟು ಸೇರಿಸಿದೆ. ನಾಲ್ಕನೇ ದಿನಕ್ಕೆ ಬಂದ ಟವಲ್ಲನ್ನು ಬಿಡಿಸಿದರೆ ಅದರ ಟೊಪ್ಪಿಗೆ ನನ್ನ ತಲೆಗೇ ಸರಿಯಾಗಿ ಕೂತುಕೊಂಡಿತು. "ಅಪ್ಪ, ಇದು ಇವಳ ಮದುವೆ ಅರಿಶಿನದ ನೀರಿಗೆ ಆಗುತ್ತೆ, ಎತ್ತಿಟ್ಟಿರು" ಎಂದಳು ಮಗಳು. ಅದನ್ನು ಈಗ ನಮ್ಮ ಸ್ಕೂಟರಿಗೆ ಹೊದಿಸುತ್ತೇವೆ.

ಸೋತು ಸುಮ್ಮನಾಗುವ ಜಾತಿಯವನಲ್ಲ ನಾನು. ಆ ಗುರುವಾರ ಮದಲೂರಿನ ಕಡೆ ಒಂದು ಅಳತೆ ಇತ್ತು. ಮುಗಿಸಿಕೊಂಡು ಬರುವಾಗ ಶಿರಾದಲ್ಲಿ ಇಳಿದೆ. ಮಸೀದಿಯ ಹತ್ತಿರದ ಬೀದಿಯಲ್ಲಿ ಟವಲ್ಲು, ಲುಂಗಿ, ಜಮಖಾನ ಮಾರುವ ಹಳೆಯ ಅಂಗಡಿ ಇದೆ. ಅಂಗಡಿಯ ಸಾಬರು ಬಿಳಿ ಗಡ್ಡದ, ಕಡಿಮೆ ಮಾತಿನ ಮನುಷ್ಯ. ನಾನು ಫೋನಿನಲ್ಲಿ ಕಲಿತಿದ್ದ ಜಿಎಸ್‌ಎಂ, ಅಂದರೆ ಬಟ್ಟೆಯ ತೂಕದ ಲೆಕ್ಕ, ಎಷ್ಟು ಎಂದು ಕೇಳಿದೆ. ಅವರು ಎರಡು ಟೊಪ್ಪಿಗೆ ಟವಲ್ಲು ಎದುರಿಗೆ ಹಾಸಿ, ಕುಡಿಯುತ್ತಿದ್ದ ಲೋಟದಿಂದ ಎರಡರ ಮೇಲೂ ಒಂದೊಂದು ಹನಿ ನೀರು ಬಿಟ್ಟರು. ಫಳಫಳ ಹೊಳೆಯುವುದರ ಮೇಲೆ ಹನಿ ಗುಂಡಗೆ ಕೂತುಕೊಂಡಿತು. ಇನ್ನೊಂದರ ಮೇಲೆ ಬಿದ್ದದ್ದು ಬಿದ್ದ ಕಡೆಯೇ ಮಾಯವಾಯಿತು.

"ಇದು ಅಸಲಿ ಕಾಟನ್ ಸಾಬ್. ಅದು ನೋಡಕ್ಕೆ ಮಾತ್ರ. ಕಿವಿ, ಕಣ್ಣು, ಗುಂಡಿ ಏನೂ ಇಲ್ದೇ ಇರೋದು ತಗೊಳ್ಳಿ, ಬಚ್ಚಾ ಬಾಯಿಗೆ ಹಾಕ್ಕೊಂತದೆ. ಮೊದ್ಲು ಎರಡು ಸಲ ಸಾದಾ ಬಿಸಿನೀರಾಗೆ ಒಗೀರಿ, ಬಿಸಿಲಾಗೆ ಒಣಗ್ಸಿ. ಸೆಂಟು ಗಿಂಟು ಹಾಕ್ಬೇಡಿ. ಬಿಲ್ಕುಲ್ ಬ್ಯಾಡ."

ಮೂರು ಟವಲ್ಲು ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ, ಮಾರುವವನಿಗೆ ಒಗೆಯುವುದರ ಬಗ್ಗೆ ಏನು ಗೊತ್ತಿರುತ್ತದೆ ಎಂದು ಅನ್ನಿಸಿತು. ಒಗೆದೇ ಗೊತ್ತಿಲ್ಲದ ನನಗೆ ಹೀಗೆ ಅನ್ನಿಸಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ.

ಮನೆಗೆ ಬಂದರೆ ಸುದ್ದಿ ಕಾದಿತ್ತು. ಭಾನುವಾರ ಬೀಗಿತ್ತಿ ಬರುತ್ತಾರೆ, ಖುದ್ದಾಗಿ ನಿಂತು ಮಗುವಿನ ಸ್ನಾನ ನೋಡುತ್ತಾರೆ. ಹಿಂದಿನ ದಿನದ ವಿಡಿಯೋದಲ್ಲಿ ಮಗು ಮೂಗು ತಿಕ್ಕಿಕೊಂಡದ್ದು ಅವರ ಕಣ್ಣಿಗೆ ಬಿದ್ದಿತ್ತು. ನಾನು ಆ ಕ್ಷಣವೇ ಟವಲ್ಲುಗಳ ಸಂಪೂರ್ಣ ಜವಾಬ್ದಾರಿ ವಹಿಸಿಕೊಂಡೆ. ಯಾರೂ ಮುಟ್ಟಕೂಡದು ಎಂದು ಆಜ್ಞೆ ಹೊರಡಿಸಿ, ಪಂಚೆ ಎತ್ತಿ ಕಟ್ಟಿ ಒಗೆಯುವ ಕಲ್ಲಿನ ಮುಂದೆ ನಿಂತೆ. ಗಿರಿಜೆ ಅಡುಗೆಮನೆಯ ಕಿಟಕಿಯಿಂದ ಒಂದು ಸಲ ನೋಡಿದಳು, ಪಕ್ಕದ ಮನೆಯವರನ್ನೂ ಕರೆದು ತೋರಿಸಿದಳು. ಒಗೆಯುವ ಕಲ್ಲಿಗೂ ನನಗೂ ಆದ ಮೊದಲ ಭೇಟಿ ಅದು. ಬಟ್ಟೆ ಮೆತ್ತಗಾಗಲೆಂದು ಹಾಕುವ ಒಂದು ಬಾಟಲಿ ನೀಲಿ ದ್ರವ ತಂದಿದ್ದೆ, ಅದರ ಮೇಲೆ ನಗುವ ಮಗುವಿನ ಚಿತ್ರವೇ ಇತ್ತು. ಒಂದು ಮುಚ್ಚಳ ಹಾಕಿ ಎಂದು ಬರೆದಿದ್ದರು. ಬೀಗಿತ್ತಿ ಬರುತ್ತಾರೆಂದು ನಾನು ಎರಡೇ ಟವಲ್ಲಿಗೆ ನಾಲ್ಕು ಮುಚ್ಚಳ ಸುರಿದೆ. ಮನೆಯೆಲ್ಲ ಹೂವಿನಂಗಡಿಯ ವಾಸನೆ ಹಿಡಿಯಿತು.

ಬೀಗಿತ್ತಿಯ ಕರಡಿಯನ್ನೂ ಬಿಡಲಿಲ್ಲ, ಒಗೆದು ತಾರಸಿಯ ಮೇಲೆ ಒಣಹಾಕಿದೆ. ಮಧುಗಿರಿಯಲ್ಲಿ ತಾರಸಿಯ ಮೇಲೆ ಏನನ್ನಾದರೂ ಒಣಹಾಕುವವರು ಕೋಲು ಹಿಡಿದು ಪಕ್ಕದಲ್ಲಿ ಕೂತಿರಬೇಕು, ಬೆಟ್ಟದ ಕೋತಿಗಳು ಹಪ್ಪಳ ಸಂಡಿಗೆ ಬಟ್ಟೆಬರೆ ಎಂಬ ಭೇದ ಎಣಿಸುವುದಿಲ್ಲ. ಇದು ಊರಿನ ಎಲ್ಲ ಹೆಂಗಸರಿಗೂ ಗೊತ್ತಿದ್ದ ವಿಷಯ. ನಾನು ಕಾಫಿ ಕುಡಿದು ಮೇಲೆ ಹೋಗುವಷ್ಟರಲ್ಲಿ ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಒಂದು ದೊಡ್ಡ ಗಡವ ಕೋತಿ ಕರಡಿಯ ಟೊಪ್ಪಿಗೆ ಹಾಕಿಕೊಂಡು ಕೂತಿತ್ತು. ಅದರ ಮರಿಗಳು ಗಾಜಿನ ಕಣ್ಣು ಕೀಳುತ್ತಿದ್ದವು. ನಾನು ಬೈದೆ, ಕಲ್ಲು ಎಸೆದೆ. ಅದು ನನ್ನನ್ನೊಮ್ಮೆ ನೋಡಿ ಟವಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ಬೆಟ್ಟದ ಕಡೆ ಹೋಯಿತು. ಅದಕ್ಕೆ ಟೊಪ್ಪಿಗೆ ಚೆನ್ನಾಗಿಯೇ ಒಪ್ಪಿತ್ತು.

ಭಾನುವಾರ ಲಕ್ಷ್ಮೀದೇವಮ್ಮನವರು ಖಾಲಿ ಕಾರಿನಲ್ಲಿ ಬಂದರು. ಹಿಂದಿನ ಸೀಟಿನಲ್ಲಿ ಮಗುವಿಗೆಂದು ಮೆತ್ತನೆ ಹಾಸಿಗೆ ಹಾಸಿಕೊಂಡೇ ಬಂದಿದ್ದರು. ಅದನ್ನು ನೋಡಿ ಶ್ವೇತಾಳ ಮುಖ ಸಣ್ಣದಾಯಿತು. ಅವಳಿಗೆ ಹೊಲಿಗೆ ಹಾಕಿದ್ದ ಜಾಗ ಇನ್ನೂ ನೋಯುತ್ತಿತ್ತು, ಅವ್ವನ ಕೈಯೂಟ ಬಿಟ್ಟು ಹೊರಡುವ ಮನಸ್ಸೇ ಇರಲಿಲ್ಲ. ಬೀಗಿತ್ತಿ ಕಾಫಿಯನ್ನೂ ಮುಟ್ಟದೆ ನೇರ ಬಚ್ಚಲಿಗೆ ಬಂದು ಬಾಗಿಲಲ್ಲಿ ನಿಂತರು. ಕರಡಿ ಎಲ್ಲಿ ಎಂದು ಕೇಳಿದರು. ಒಗೆಯಲು ಹಾಕಿದ್ದೇವೆ ಎಂದೆ. ಪುಟ್ಟಕ್ಕ ನೀರು ಹಾಕಿ ಮುಗಿಸಿ ಅಭ್ಯಾಸದಂತೆ ಸೆರಗಿಗೆ ಕೈ ಹಾಕಿದಳು. ನಾನು ತಡೆದು, ಬೀಗಿತ್ತಿಗೆ ಕಾಣುವ ಹಾಗೆ ಹೊಸ ಟವಲ್ಲನ್ನು ಮುಂದೆ ಹಿಡಿದೆ. ಹಿಡಿದವನು ಸುಮ್ಮನಿರಲಿಲ್ಲ, ಭಾಷಣವನ್ನೂ ಶುರುಮಾಡಿದೆ. ಅಸಲಿ ಹತ್ತಿ, ಜಿಎಸ್‌ಎಂ ಇಷ್ಟು, ಟೊಪ್ಪಿಗೆಯ ಹೊಲಿಗೆ ಎರಡು ಪದರದ್ದು, ಮಗುವಿನ ಶಾಖ ಶೇಕಡ ಇಷ್ಟು ನೆತ್ತಿಯಿಂದಲೇ ಹೋಗುತ್ತದೆ.

ಪುಟ್ಟಕ್ಕ ಒರೆಸಿದಳು. ನೀರು ಹೋಗಲಿಲ್ಲ. ಇನ್ನೊಂದು ಕೇಳಿದಳು, ಅದರಲ್ಲೂ ಹೋಗಲಿಲ್ಲ. ಶಿರಾದ ಅಂಗಡಿಯಲ್ಲಿ ಹನಿಯನ್ನು ಕಣ್ಣೆದುರಿಗೇ ಕುಡಿದಿದ್ದ ಟವಲ್ಲುಗಳು ನಾಲ್ಕು ಮುಚ್ಚಳ ಸೆಂಟು ಕುಡಿದು ಮೈಯೆಲ್ಲ ಜಿಡ್ಡಾಗಿ ಬಾಯಿ ಮುಚ್ಚಿಕೊಂಡಿದ್ದವು. "ಇದೇನ್ಲಾ ಇದು, ಕೆಸುವಿನೆಲೆ ತಗಂಡು ಒರೆಸ್ದಂಗಾಯ್ತೈತೆ" ಎಂದು ಪುಟ್ಟಕ್ಕ ಗೊಣಗಿದಳು. ಮಗು ತುಟಿ ನಡುಗಿಸಿತು, ಮೂಗು ಸುಕ್ಕುಮಾಡಿತು, ಸೀನಿತು. ಒಂದಲ್ಲ, ಮೂರು ಸಲ.

"ಅಯ್ಯೋ ನಾ ತಲ್ಲಿ, ಜಲುಬು ಚೇಸಿಂದಿ" ಎಂದರು ಬೀಗಿತ್ತಿ. "ಶ್ವೇತಾ, ಬಟ್ಟೆ ಜೋಡಿಸ್ಕೊಮ್ಮಾ." ನಾನು ಅದು ನೆಗಡಿಯಲ್ಲ, ಸೆಂಟಿನ ಘಾಟಿಗೆ ಬಂದ ಸೀನು ಎಂದು ವಿವರಿಸಲು ಹೋದೆ. ಅವರು ನನ್ನ ಕಡೆ ತಿರುಗಿದರು. "ಇಷ್ಟು ಹೊತ್ತಿಂದ ಚೆಪ್ತಾನೇ ಇದ್ದೀರಲ್ಲ ಬೀಗ್ರೇ, ನಿಮ್ ಮಗಳು ಈ ಸೈಜು ಇದ್ದಾಗ ಏನ್ರಾಗೆ ಒರೆಸ್ತಿದ್ರಿ? ಅದು ಹೇಳಿ ಸಾಕು."

ನನಗೆ ಗೊತ್ತಿರಲಿಲ್ಲ. ಎಷ್ಟು ನೆನಪು ಮಾಡಿಕೊಂಡರೂ ಬರಲಿಲ್ಲ. ಆ ವರ್ಷ ನಾನು ಅಳೆದ ಹೊಲಗಳ ಸರ್ವೆ ನಂಬರು ಕೇಳಿದ್ದರೆ ಹೇಳುತ್ತಿದ್ದೆನೇನೋ. ಶ್ವೇತಾಳನ್ನು ಸ್ನಾನಕ್ಕೆ ಎತ್ತಿಕೊಂಡು ಹೋದದ್ದಾಗಲಿ, ತಂದು ಮಲಗಿಸಿದ್ದಾಗಲಿ ನಾನು ಕಂಡಿದ್ದರೆ ತಾನೆ. ಬಚ್ಚಲಲ್ಲಿ ನಿಂತಿದ್ದ ನಾಲ್ಕು ಜನ ಹೆಂಗಸರಲ್ಲಿ ಮೂವರು ನನ್ನ ಮುಖವನ್ನೇ ನೋಡುತ್ತಿದ್ದರು. ಮಗಳು ಮಾತ್ರ ಬೇರೆ ಕಡೆ ನೋಡಿದಳು, ಅದೇ ಹೆಚ್ಚು ನಾಟಿತು.

ಗಿರಿಜೆ ಒಳಗೆ ಹೋಗಿ ಬೀರುವಿನ ತಳದಿಂದ ಒಂದು ಬಿಳಿ ಬಟ್ಟೆ ತಂದಳು. ಹಳೆಯದು, ಅಗಲವಾದದ್ದು, ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳ್ಳಗಿದ್ದದ್ದು. ಪುಟ್ಟಕ್ಕ ಅದನ್ನು ಮುಟ್ಟಿದ್ದೇ ತಡ ಅವಳ ಮುಖದ ಗಂಟು ಬಿಚ್ಚಿಕೊಂಡಿತು. ನಾಲ್ಕು ಮಡಿಕೆ ಮಾಡಿ ಮಗುವಿನ ಮೈಮೇಲೆ ಒತ್ತಿದಳು. ಒತ್ತಿದ ಕಡೆಯ ನೀರೆಲ್ಲ ಹೋಯಿತು. ಆಮೇಲೆ ಒಂದು ಮೂಲೆಯನ್ನು ಒಳಮಡಿಚಿ ನೆತ್ತಿಗೆ ಸಿಕ್ಕಿಸಿ, ಎರಡೂ ಅಂಚು ಎಳೆದು ಎದೆಯ ಮೇಲೆ ಸುತ್ತಿದಳು. ಹೊಲಿಗೆ ಇಲ್ಲದೆ, ಗುಂಡಿ ಇಲ್ಲದೆ, ಕಿವಿ ಕಣ್ಣುಗಳಿಲ್ಲದೆ ಕೊಪ್ಪೆಯೊಂದು ತಯಾರಾಯಿತು. ಸಾಂಬ್ರಾಣಿ ಹೊಗೆ ಹಿಡಿಯುವಷ್ಟರಲ್ಲಿ ಮಗು ನಿದ್ದೆಹೋಗಿತ್ತು. ಬೀಗಿತ್ತಿ ಮಗುವಿನ ಹಣೆ ಮುಟ್ಟಿ ನೋಡಿದರು, ಮೂಗಿಗೆ ಕಿವಿಯಿಟ್ಟು ಕೇಳಿದರು, ಅರ್ಧ ಗಂಟೆ ಪಕ್ಕದಲ್ಲೇ ಕೂತರು. ಮತ್ತೆ ಒಂದು ಸೀನೂ ಬರಲಿಲ್ಲ. "ಸರಿಬಿಡಮ್ಮಾ ಗಿರಿಜಾ, ಐದನೇ ತಿಂಗಳಿಗೇ ಬರ್ತೀನಿ. ಬೀಗ್ರನ್ನ ಮಾತ್ರ ಬಚ್ಚಲಿಗೆ ಬಿಡಬೇಡ" ಎಂದು ಹೇಳಿ ಖಾಲಿ ಕಾರಿನಲ್ಲೇ ಹೊರಟರು. ಅವರು ಹೋದ ಮೇಲೆ ನಾನು ತೊಟ್ಟಿಲ ಹತ್ತಿರ ಹೋಗಿ ಬಗ್ಗಿದೆ. ಸಂತೋಷಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡಿದ್ದರಿಂದ ಮೊದಲು ಸರಿಯಾಗಿ ಕಾಣಲಿಲ್ಲ. ಒರೆಸಿಕೊಂಡು ನೋಡಿದರೆ ಮಗುವಿನ ಹಣೆಯ ಮೇಲೆ, ಬಟ್ಟೆಯ ಅಂಚಿನಲ್ಲಿ, ಮಾಸಿದ ಕಪ್ಪು ಗೆರೆಗಳು. ಬಾಂದು ಕಲ್ಲಿನ ಗುರುತು, ಕೆರೆಯೇರಿಯ ಬಾಗು, ಪಕ್ಕದಲ್ಲಿ ಸಣ್ಣ ಅಂಕಿ. ಬರವಣಿಗೆ ನನ್ನದೇ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಕಾಶೆಗಳು ಕಂಪ್ಯೂಟರಿಗೆ ಹೋಗುವ ಮೊದಲು ನಾವು ಅವನ್ನು ಬಟ್ಟೆಯ ಮೇಲೆ ಬರೆಯುತ್ತಿದ್ದೆವು. ಟ್ರೇಸಿಂಗ್ ಬಟ್ಟೆ ಎಂದು, ಬಹಳ ತೆಳುವಾದ ಹತ್ತಿ ಬಟ್ಟೆಗೆ ಗಂಜಿ ಹಾಕಿ ಎಣ್ಣೆಕಾಗದದ ಹಾಗೆ ಗಟ್ಟಿಮಾಡಿ ಸುರುಳಿಯಲ್ಲಿ ಕೊಡುತ್ತಿದ್ದರು. ಶ್ವೇತಾ ಹುಟ್ಟಿದ ವರ್ಷ ಮೂರು ವಾರ ಕೂತು ನಾನೊಂದು ಊರಿನ ನಕಾಶೆ ಬರೆದಿದ್ದೆ. ಒಂದು ಪ್ರತಿ ಮಸಿ ಚೆಲ್ಲಿ ಕೆಟ್ಟಿತು, ಇನ್ನೊಂದು ಶುದ್ಧಪ್ರತಿ. ಅದೇ ಕಳೆದುಹೋಯಿತು. ಮೇಲಿನವರು ಕಾರಣ ಕೇಳಿ ನೋಟೀಸು ಕೊಟ್ಟರು. ನಾನು ಸ್ವಲ್ಪವೂ ಯೋಚಿಸದೆ "ಚೈನ್‌ಮನ್ ರಂಗಪ್ಪನ ನಿರ್ಲಕ್ಷ್ಯದಿಂದ" ಎಂದು ಬರೆದು ಸಹಿ ಹಾಕಿದೆ. ರಂಗಪ್ಪ ನನ್ನ ಜೊತೆ ಸರಪಳಿ ಎಳೆಯುತ್ತಿದ್ದವನು, ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವನು. ಆದರೂ ಏಕವಚನ, ಈಗಲೂ ಏಕವಚನ. ಅವನನ್ನು ಹೆಂಡತಿ ಮಕ್ಕಳಿಂದ ದೂರ, ಜಿಲ್ಲೆಯ ಆ ಕೊನೆಯಲ್ಲಿರುವ ಪಾವಗಡಕ್ಕೆ ಎರಡು ವರ್ಷ ಎತ್ತಿಹಾಕಿದರು. ಅವನು ಒಂದು ಮಾತೂ ಆಡಲಿಲ್ಲ. ಆಡದಿದ್ದದ್ದೇ ತಪ್ಪೊಪ್ಪಿಗೆ ಎಂದು ನಾನು ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

"ಇದು ಎಲ್ಲಿ ಸಿಕ್ತು ನಿಂಗೆ?" ಎಂದು ಗಿರಿಜೆಯನ್ನು ಕೇಳಿದೆ.

"ರಂಗಪ್ಪ ಬಂದು ಸುರುಳಿ ಕೊಟ್ಟು ಹೋಗಿದ್ನಲ್ಲ, ನೀವು ಕ್ಯಾಂಪಿನಲ್ಲಿದ್ದಾಗ. ಕೆಟ್ಟಿರೋದನ್ನ ಬಿಸಿನೀರಲ್ಲಿ ನೆನೆಹಾಕಿ ಅಮ್ಮಾವ್ರೇ, ಗಂಜಿಯೆಲ್ಲ ಬಿಟ್ಕೊಳುತ್ತೆ, ನಮ್ ಮಕ್ಕಳನ್ನೆಲ್ಲ ಇದ್ರಲ್ಲೇ ಒರೆಸಿದ್ದು ಅಂದ. ಒಳಗೆ ಎರಡಿದ್ವು. ನಂಗೆ ಎರಡೂ ಒಂದೇ ಥರ ಕಾಣಿಸ್ತು, ಎರಡನ್ನೂ ನೆನೆಹಾಕ್ಬಿಟ್ಟೆ. ವರ್ಷವೆಲ್ಲ ಹಿತ್ತಲ ತಂತಿ ಮೇಲೆ ಒಣಗ್ತಿತ್ತಲ್ರೀ. ಕಾಣ್ಲಿಲ್ವಾ ನಿಮಗೆ?"

ಕಂಡಿರಲಿಲ್ಲ. ನೋಟೀಸಿನ ವಿಷಯವನ್ನು ನಾನು ಮನೆಯಲ್ಲಿ ಹೇಳಿರಲೂ ಇಲ್ಲ. ಕಚೇರಿಯ ಕಪಾಟುಗಳನ್ನೆಲ್ಲ ತಡಕಿಸಿ, ರಂಗಪ್ಪನ ಬುತ್ತಿಚೀಲವನ್ನೂ ಬಿಚ್ಚಿಸಿ ನೋಡಿದವನು, ದಿನಾ ಬೆಳಗ್ಗೆ ಹಲ್ಲುಜ್ಜುತ್ತ ಹಿತ್ತಲಲ್ಲಿ ಆ ನಕಾಶೆಯ ಪಕ್ಕದಲ್ಲೇ ನಿಂತಿರುತ್ತಿದ್ದೆ. ಮಗುವಿನ ಬಟ್ಟೆ ಎನ್ನುವುದು ನಾನು ನೋಡಬೇಕಾದ ವಸ್ತುಗಳ ಪಟ್ಟಿಯಲ್ಲಿ ಇರಲಿಲ್ಲ. 

ಮರುದಿನವೇ ಚನ್ನರಾಯನದುರ್ಗದ ಬಸ್ಸು ಹತ್ತಿದೆ. ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ ರಂಗಪ್ಪನ ಮನೆ. ಬರಿಗೈಯಲ್ಲಿ ಹೋಗಬಾರದೆಂದು ಮೂರು ಟವಲ್ಲುಗಳಲ್ಲಿ ಕವರು ಬಿಚ್ಚದೆ ಉಳಿದಿದ್ದ ಒಂದನ್ನು ಹಿಡಿದುಕೊಂಡಿದ್ದೆ, ಅವನ ಮೊಮ್ಮಗನಿಗೂ ಈಚೆಗೆ ಮಗುವಾಗಿದೆ ಎಂದು ಕೇಳಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕ್ಷಮಾಪಣೆಯ ಮಾತು ಜೋಡಿಸಿಕೊಂಡೆ. ರಂಗಪ್ಪ ಜಗುಲಿಯ ಮೇಲೆ ಕಡಲೆಕಾಯಿ ಸುಲಿಯುತ್ತ ಕೂತಿದ್ದವನು ನನ್ನನ್ನು ಕಂಡು ಎದ್ದು ನಿಂತ. ಕೂರು ಎಂದರೂ ಕೂರಲಿಲ್ಲ. ನಾನು ನಕಾಶೆ ಸಿಕ್ಕಿತು ಎಂದೆ, ಎಲ್ಲಿ ಎಂದು ಹೇಳಿದೆ.

"ಗೊತ್ತು ಬುಡಿ ಸಾರ್. ಆವತ್ತು ಸಂತೆ ಸಾಮಾನು ಕೊಡಕ್ಕೆ ಬಂದಾಗ ತಂತಿ ಮ್ಯಾಲೆ ನೋಡ್ದೆ. ಕೆರೆ ಏರಿ ಎಲ್ಲ ಚೆಂದಾಗಿ ಕಾಣ್ತಿತ್ತು."

"ಮತ್ತೆ ನೋಟೀಸು ಬಂದಾಗ ಹೇಳಬಾರದಿತ್ತೇನೋ?"

"ಹೆಂಗೇಳನ ಸಾರ್. ಬಾಣಂತಿ ಹೆಸ್ರು ಕಚೇರಿ ಕಾಗದದಾಗೆ ಬರಸಕ್ಕಾಯ್ತದಾ. ನೆನೆಹಾಕಿ ಅಂತ ಬಾಯಿಬಿಟ್ಟೋನೂ ನಾನೇ." ಅವನು ಅಷ್ಟು ಹೇಳಿ, ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿ ಇದೇನು ಎಂದು ಕೇಳಿದ.

ಕ್ಷಮಾಪಣೆ ಕೇಳಬೇಕಾದ ಜಾಗ ಅದೇ. ಮಾತು ನಾಲಿಗೆಯ ತುದಿಗೆ ಬಂದಿತ್ತು. ರಂಗಪ್ಪ ಪೊಟ್ಟಣ ಬಿಚ್ಚಿ, ಟವಲ್ಲಿನ ಟೊಪ್ಪಿಗೆಯೊಳಗೆ ಕೈ ತೂರಿಸಿ, ಇದರ ಉಪಯೋಗವೇನೆಂದು ಯೋಚಿಸುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡು, "ನೋಡು ರಂಗಪ್ಪ, ಇದನ್ನ ಮೊದಲು ಎರಡು ಸಲ ಸಾದಾ ಬಿಸಿನೀರಿನಲ್ಲಿ ಒಗೀಬೇಕು. ಸೆಂಟು ಗಿಂಟು ಹಾಕಬಾರದು. ಒಣಗೋದು ಬಿಸಿಲಲ್ಲೇ ಆಗಬೇಕು" ಎಂದು ಶುರುಮಾಡಿದವನು ಬಸ್ಸು ಬರುವವರೆಗೂ ಹೇಳುತ್ತಲೇ ಇದ್ದೆ. ರಂಗಪ್ಪ ಕೈಕಟ್ಟಿ ನಿಂತು, ಹಿಂದೆ ಹೊಲದ ಬದುವಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಹಾಗೆಯೇ, "ಆಗ್ಲಿ ಸಾರ್, ಆಗ್ಲಿ ಸಾರ್" ಎಂದು ತಲೆಯಾಡಿಸಿದ.